ಒಂಬತ್ತು ಗುರುಗಳು, ಒಬ್ಬಳು ಜಯಮ್ಮ

ಮೊನ್ನೆ ಗುಂಡಿಗಳ ಡಬ್ಬಿಯಲ್ಲಿ ಸೇಫ್ಟಿ ಪಿನ್ ಹುಡುಕುತ್ತಿದ್ದಾಗ ಒಂದು ಸ್ಟೀಲ್ ಸೀಟಿ ಸಿಕ್ಕಿತು. ಊದಿ ನೋಡಿದೆ. ಸದ್ದಿನ ಬದಲು ಒಂದಿಷ್ಟು ಧೂಳು ಹೊರಗೆ ಬಂತು. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತದೆ, "ಏನೇ ಅದು?" ಎಂದರು. "ಮಹಿಳೆಯರ ಏಳಿಗೆ" ಎಂದೆ. ಅವರು ಮುಂದಕ್ಕೆ ಕೇಳಲಿಲ್ಲ. ಯಾವ ಪ್ರಶ್ನೆಯನ್ನು ಅಲ್ಲಿಗೇ ಬಿಡಬೇಕು ಎನ್ನುವುದು ಇಷ್ಟು ವರ್ಷದ ಸಂಸಾರದಲ್ಲಿ ಅವರಿಗೆ ಚೆನ್ನಾಗಿ ಗೊತ್ತಾಗಿದೆ.

ಯಾರಾದರೂ ಕೈಯಲ್ಲಿ ಕರಪತ್ರ ಹಿಡಿದು ಬಂದು, "ನಾವು ಸ್ವಯಂಸೇವಕಿಯರು, ಹೆಣ್ಣುಮಕ್ಕಳಿಗೆ ಆತ್ಮವಿಶ್ವಾಸ ಕಲಿಸ್ತೀವಿ" ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಇವಳಿಗೇಕೆ ಇಷ್ಟು ಹೊಟ್ಟೆಯುರಿ ಎಂದು ನೀವು ಕೇಳಬಹುದು. ಆ ಉರಿಗೆ ನನಗೆ ಪೂರ್ತಿ ಹಕ್ಕಿದೆ. ನಾನೂ ಒಂದು ಕಾಲದಲ್ಲಿ ಅಂಥವರಲ್ಲಿ ಒಬ್ಬಳಾಗಿದ್ದೆ. ಬರೀ ಒಬ್ಬಳಲ್ಲ, ಕಾರ್ಯದರ್ಶಿಯಾಗಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಮೈಸೂರಿನ ದಟ್ಟಗಳ್ಳಿಯಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ನಾವು ಸಾಲ ಮಾಡಿ ಮನೆ ಕಟ್ಟಿಕೊಂಡು ಬಂದಾಗ ಎದುರಿಗೆ ಕಣ್ಣು ಹಾಯುವಷ್ಟು ದೂರ ಪಾರ್ಥೇನಿಯಂ ಗಿಡ, ಅದರ ನಡುವೆ ಯಾರದೋ ಎಮ್ಮೆ. ಆ ಬಯಲನ್ನು ನೋಡಿ ನನಗೆ ಹಾವಿನ ಭಯವಾಗಿತ್ತು. ಲಲಿತಾಂಬ ಅವರಿಗೆ ಅದೇ ಬಯಲನ್ನು ನೋಡಿ ಸ್ತ್ರೀಕುಲದ ಭವಿಷ್ಯ ಕಂಡಿತು.

ಲಲಿತಾಂಬ ನಿವೃತ್ತ ಇಂಜಿನಿಯರೊಬ್ಬರ ಹೆಂಡತಿ. ಹಿಮಾಲಯದ ಬುಡದಲ್ಲೆಲ್ಲೋ ಹತ್ತು ದಿನದ ಶಿಬಿರ ಮುಗಿಸಿ ಬಂದಿದ್ದರು. ಅಲ್ಲಿಂದ ಒಂದು ನೀಲಿ ಜರ್ಕಿನ್, ಒಂದು ಡೇರೆ, ಒಂದು ದಿಕ್ಸೂಚಿ ಮತ್ತು ಒಂದು ತೀರದ ಹಂಬಲ ತಂದಿದ್ದರು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ರೇಷ್ಮೆ ಸೀರೆಯ ಮೇಲೆ ಆ ಜರ್ಕಿನ್ ತೊಟ್ಟು, ಕಾಲಿಗೆ ಬೂಟು ಹಾಕಿಕೊಂಡು ಬಂದು, "ಸರೋಜಾ, ನಮ್ಮ ಹೆಣ್ಮಕ್ಕಳು ಬಯಲಿಗೆ ಬರ್ಬೇಕು ಕಣ್ರೀ" ಎಂದರು. ಅವರ ಹಣೆಯಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ನಾನು ಫ್ಯಾನ್ ಹಾಕಿ, ಮಜ್ಜಿಗೆ ಕೊಟ್ಟು, ಆಗಲಿ ಎಂದುಬಿಟ್ಟೆ. ಆಫೀಸಿನಲ್ಲಿ ಟೈಪಿಸ್ಟಾಗಿದ್ದ ನನಗೆ ಯಾರು ಏನು ಹೇಳಿದರೂ ಆಗಲಿ ಎನ್ನುವ ಅಭ್ಯಾಸ.

ಹೀಗೆ ಬಯಲು ಬಳಗ ಹುಟ್ಟಿತು. ಕರಪತ್ರ ಬರೆದು ಟೈಪ್ ಮಾಡಿದವಳು ನಾನೇ. ಕಲಿಸುವ ವಿದ್ಯೆಗಳು ನಾಲ್ಕು: ಡೇರೆ ಹಾಕುವುದು, ಹಗ್ಗದ ಗಂಟುಗಳನ್ನು ಕಟ್ಟುವುದು, ದಿಕ್ಸೂಚಿ ನೋಡುವುದು, ಬಯಲಿನಲ್ಲಿ ಒಲೆ ಹೂಡುವುದು. ಟೈಪ್ ಮಾಡಿ ನೋಡಿದರೆ ಹಾಳೆಯ ಕೆಳಗೆ ಒಂದು ಸಾಲಿನ ಜಾಗ ಖಾಲಿ ಉಳಿದು ಬೋಳುಬೋಳಾಗಿ ಕಾಣುತ್ತಿತ್ತು. ಅಲ್ಲಿ "ಸೈಕಲ್ ತುಳಿಯುವುದು" ಎಂದು ಸೇರಿಸಿದೆ. ಲಲಿತಾಂಬ ಅವರ ಭಾವನವರು ಒಂದು ಹೊಸ ಲೇಡೀಸ್ ಸೈಕಲ್ಲನ್ನೂ ದಾನ ಮಾಡಿದ್ದರಿಂದ ಆ ಸಾಲು ಇನ್ನೂ ಶೋಭಿಸಿತು. ಸೈಕಲ್ಲನ್ನು ನಮ್ಮ ಮನೆಯ ಶೆಡ್ಡಿನಲ್ಲಿ ಇಟ್ಟೆವು. ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಕೊಳೆಯಾಗದಿರಲಿ ಎಂದು ಅದರ ಮೇಲೆ ಒಂದು ಟವೆಲ್ ಹೊದಿಸಿದೆವು.

ಮನೆಮನೆಗೆ ಹೋಗಿ ಕರಪತ್ರ ಹಂಚಿದೆವು. ಎಲ್ಲ ಕಡೆಯೂ ಕಾಫಿ ಕೊಟ್ಟರು, ಮೆಚ್ಚಿಕೊಂಡರು. ಸಂತೇಪೇಟೆಯಲ್ಲಿ ಜವಳಿ ಅಂಗಡಿ ಇದ್ದ ಮನೆತನದ ಸರ್ವಮಂಗಳಾ ಅವರಂತೂ ಕರಪತ್ರವನ್ನು ಎರಡು ಸಲ ಓದಿ, "ಕಲಿಯೋಕೆ ನಂಗೆ ಟೈಮಿಲ್ಲ ಕಣ್ರೀ, ಬೇಕಾದ್ರೆ ಕಲಿಸ್ತೀನಿ" ಎಂದರು. ಎಲ್ಲರದೂ ಹೆಚ್ಚುಕಡಿಮೆ ಅದೇ ಮಾತು. ಮೊದಲ ಭಾನುವಾರ ಬೆಳಗ್ಗೆ ಆರೂವರೆಗೆ ಬಯಲಿನಲ್ಲಿ ಒಂಬತ್ತು ಜನ ಸೇರಿದೆವು. ಒಂಬತ್ತು ಜನರೂ ಗುರುಗಳೇ. ಕಲಿಯುವವರು ಯಾರೂ ಇರಲಿಲ್ಲ. ಎಮ್ಮೆ ಮಾತ್ರ ಇತ್ತು, ಅದು ಎದ್ದು ಹೋಯಿತು.

ಏಳು ಗಂಟೆಯ ಹೊತ್ತಿಗೆ ಜಯಮ್ಮ ಬಂದಳು.

ಅಶೋಕಪುರಂನಿಂದ ನಡೆದುಕೊಂಡು ಬಂದಿದ್ದಳು. ಮೂವತ್ತರ ಒಳಗಿನ ವಯಸ್ಸು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಕೈಯಲ್ಲಿ ನಮ್ಮ ಕರಪತ್ರ, ಅದರಲ್ಲಿ ಯಾರೋ ಕಡ್ಲೇಪುರಿ ಕಟ್ಟಿದ್ದ ಗುರುತು. ನಾಲ್ಕು ವಿದ್ಯೆಗಳನ್ನು ದಾಟಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಮೇಡಂ, ಇದೊಂದ್ ಕಲಿಸ್ಕೊಟ್ಬುಡಿ, ಸಾಕು" ಎಂದಳು.

ಅವಳ ಕಥೆ ಉದ್ದದ್ದೇನಲ್ಲ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಏಳು ವರ್ಷದ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿದುಕೊಂಡಿದ್ದಳು. ಇಲವಾಲದಿಂದ ಒಳಕ್ಕೆ ಐದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಜೂನ್ ಒಂದರಿಂದ ಹೊಲಿಗೆ ತರಗತಿ ಶುರುವಾಗುವುದಿತ್ತು, ಅಲ್ಲಿಗೆ ಟೀಚರಾಗಿ ಬಾ ಎಂದು ಇವಳನ್ನು ಕರೆದಿದ್ದರು. ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಬಾಗಿಲು ತೆಗೆಯಬೇಕು ಎನ್ನುವುದೊಂದೇ ಷರತ್ತು. ಬಸ್ಸು ಇಲವಾಲದಲ್ಲಿ ಇಳಿಸುವುದು ಎಂಟೂಕಾಲು ಎಂಟೂವರೆಗೆ. ಅಲ್ಲಿಂದ ಒಳಗಿನ ಮಣ್ಣು ರಸ್ತೆಯಲ್ಲಿ ನಡೆದರೆ ಒಂದು ಗಂಟೆಯ ಮೇಲೆ. ಸೈಕಲ್ ಇದ್ದರೆ, ತುಳಿಯಲು ಬಂದರೆ, ಕೆಲಸ ಉಳಿಯುತ್ತದೆ. "ಕೆಲ್ಸ ನಿಂತ್ರೆ ಒಂದ್ ಸಣ್ಮನೆ ಬಾಡ್ಗೆಗ್ ಇಡೀಬೋದು ಮೇಡಂ. ಅಣ್ಣ ಏನೂ ಅನ್ನಲ್ಲ. ಅತ್ಗೆನೂ ಅನ್ನಲ್ಲ. ಮಗೂ ಊಟ ಮಾಡೋವಾಗ ಮಾತ್ರ ತಟ್ಟೆ ನೋಡ್ತಾರೆ" ಎಂದಳು. ದನಿ ಏರಿಸದೆ, ಬ್ಲೌಸಿನ ಅಳತೆ ಹೇಳುವಂತೆ ಹೇಳಿದಳು.

ಎಂಟು ಭಾನುವಾರಗಳಿದ್ದವು. ಸೈಕಲ್ ಕಲಿಯಲು ಎಂಟು ಭಾನುವಾರ ಎಂದರೆ ಧಾರಾಳ. ಕಷ್ಟವಿದ್ದದ್ದು ಬೇರೆ ಕಡೆ. ನಮ್ಮ ಒಂಬತ್ತು ಜನರಲ್ಲಿ ಒಬ್ಬರಿಗೂ ಸೈಕಲ್ ಬರುತ್ತಿರಲಿಲ್ಲ.

ಇದು ನಮಗೂ ಗೊತ್ತಿರಲಿಲ್ಲ ನೋಡಿ. ಹಿಮಾಲಯಕ್ಕೆ ಹೋಗಿಬಂದ ಲಲಿತಾಂಬ ಅವರಿಗೆ ಬರದೆ ಇರುತ್ತದೆಯೇ ಎಂದು ನಾನು ಅಂದುಕೊಂಡಿದ್ದೆ. ಕರಪತ್ರದಲ್ಲಿ ಬರೆದ ಸರೋಜಾಗೆ ಬರದೆ ಇರುತ್ತದೆಯೇ ಎಂದು ಲಲಿತಾಂಬ ಅಂದುಕೊಂಡಿದ್ದರು. ಉಳಿದ ಏಳು ಮಂದಿ ನಮ್ಮಿಬ್ಬರನ್ನು ನಂಬಿದ್ದರು. ಯಾರೂ ಯಾರನ್ನೂ ಕೇಳಲಿಲ್ಲ. ಕೇಳಿದರೆ ತಮಗೆ ಬರುವುದಿಲ್ಲ ಎಂದು ತಿಳಿದುಬಿಡುತ್ತಲ್ಲ.

ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ನಾನು ಚಿಕ್ಕವಳಿದ್ದಾಗ ಅಗ್ರಹಾರದಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುವ ಅಂಗಡಿಯೊಂದಿತ್ತು. ರಜೆಯಲ್ಲಿ ಅಣ್ಣ ಸೀನು ಅಲ್ಲಿಂದ ತರುತ್ತಿದ್ದ ಸೈಕಲ್ಲಿಗೆ ಬ್ರೇಕ್ ಒಂದನ್ನು ಬಿಟ್ಟು ಮಿಕ್ಕೆಲ್ಲ ಇರುತ್ತಿತ್ತು. ಅವನು ಕಲಿಯುವಾಗ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುವ ಕೆಲಸ ನನ್ನದು. ಅವನು ಕಲಿತ ಮೇಲೆ ಅವನ ಚಪ್ಪಲಿ ಕಾಯುವ ಕೆಲಸವೂ ನನ್ನದಾಯಿತು. "ನಂಗೊಂದು ರೌಂಡು ಕೊಡೋ" ಎಂದರೆ, "ಲಂಗ ಚೈನಿಗೆ ಸಿಕ್ಕೊಳ್ಳತ್ತೆ ಕಣೇ" ಎನ್ನುತ್ತಿದ್ದ. ಬೆಲ್ ಹೊಡೆಯಲು ಬಿಡುತ್ತಿದ್ದ, ಅದಕ್ಕೇ ನನಗೆ ಸ್ವರ್ಗ ಸಿಕ್ಕಷ್ಟು ಸಂತೋಷ. ಒಂದು ಇಡೀ ಬೇಸಿಗೆ ರಜೆ ಸೈಕಲ್ಲಿನ ಹಿಂದೆ ಓಡಿ, ಸೈಕಲ್ ಕಲಿಯದೆ ಉಳಿದ ಹುಡುಗಿ ನಾನು. ಆ ಅನುಭವದ ಬಲದ ಮೇಲೆ ಗುರುವಾಗಿ ನಿಂತಿದ್ದೆ.

ಮೊದಲ ಭಾನುವಾರ ಲಲಿತಾಂಬ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಸೀಟಿ ಊದಿದರು. "ನೋಡಮ್ಮ ಜಯಮ್ಮ, ಯಾವುದೇ ವಿದ್ಯೆಗೆ ಮೊದಲು ಬುನಾದಿ ಬೇಕು" ಎಂದು ಹೇಳಿ ಸೈಕಲ್ಲಿನ ಅಂಗಾಂಗಗಳನ್ನು ವಿವರಿಸಿದರು. ಇದು ಹ್ಯಾಂಡಲ್, ಇದು ಪೆಡಲ್, ಇದು ಮಡ್‌ಗಾರ್ಡ್. ಜಯಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಎರಡನೆಯ ಭಾನುವಾರ ಸ್ಟ್ಯಾಂಡಿನ ಮೇಲೆ ಕೂರಿಸಿ ಅರ್ಧ ಗಂಟೆ ಪೆಡಲ್ ತುಳಿಸಿದೆವು. ಚಕ್ರ ಗಿರಗಿರ ತಿರುಗಿತು, ಜಯಮ್ಮ ಇದ್ದಲ್ಲೇ ಇದ್ದಳು. ಇಳಿದವಳು ಸೆರಗಿನಿಂದ ಮುಖ ಒರೆಸಿಕೊಂಡು, "ನೀವೊಂದ್ಸಲ ಓಡ್ಸಿ ತೋರ್ಸಿ ಮೇಡಂ, ನೋಡ್ಕತೀನಿ" ಎಂದಳು.

ಲಲಿತಾಂಬ ಅವರಿಗೆ ತಕ್ಷಣ ಮಂಡಿನೋವು ಬಂತು. ಸರ್ವಮಂಗಳಾ ಅವರು ಅವತ್ತು ಉಟ್ಟಿದ್ದದ್ದು ಒಳ್ಳೇ ಸೀರೆ. ಇನ್ನೊಬ್ಬರಿಗೆ ಶುಗರ್, ಮತ್ತೊಬ್ಬರಿಗೆ ಡಾಕ್ಟರು ಬೇಡ ಎಂದಿದ್ದರು. ಜಯಮ್ಮನ ಕಣ್ಣು ಒಬ್ಬೊಬ್ಬರನ್ನೇ ದಾಟಿ ನನ್ನ ಹತ್ತಿರ ಬಂದು ನಿಂತಿತು. "ನಂಗೆ ಬರುತ್ತೆ ಕಣಮ್ಮ, ಈಗ ಅಭ್ಯಾಸ ತಪ್ಪಿದೆ" ಎಂದೆ. ಆ ಸುಳ್ಳಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಮೇಲೆ ನಾವು ಮಾಡಿದ್ದನ್ನು ಕೇಳಿ. ಸೈಕಲ್ಲಿನ ಸುದ್ದಿ ಬಂದಾಗಲೆಲ್ಲ ಬೇರೆ ವಿದ್ಯೆ ಹೊರಗೆ ತೆಗೆದೆವು. ಮೂರನೆಯ ಭಾನುವಾರ ಡೇರೆ. ಒಂಬತ್ತು ಜನ ಸೇರಿ ಎರಡು ಗಂಟೆ ಹೆಣಗಿ ಎಬ್ಬಿಸಿದ ಡೇರೆ, ಸರ್ವಮಂಗಳಾ ಅವರು ಉಪ್ಪಿಟ್ಟಿನ ಡಬ್ಬ ಬಿಚ್ಚುವಷ್ಟರಲ್ಲಿ ಮಲಗಿಬಿಟ್ಟಿತು. ನಾಲ್ಕನೆಯ ಭಾನುವಾರ ಒಲೆ. ಮದುವೆಯಾದಾಗಿನಿಂದ ಗ್ಯಾಸ್ ಬಿಟ್ಟು ಬೇರೆ ಕಾಣದವರೂ ಸೇರಿ, ದಿನಾ ಸೌದೆ ಒಲೆಯಲ್ಲಿ ಅಡುಗೆ ಮಾಡುವ ಜಯಮ್ಮನಿಗೆ ಮೂರು ಕಲ್ಲು ಇಟ್ಟು ಬೆಂಕಿ ಹಚ್ಚುವುದನ್ನು ಕಲಿಸಿದೆವು. ನಮ್ಮ ಕಡ್ಡಿಪೆಟ್ಟಿಗೆ ಖಾಲಿಯಾದ ಮೇಲೆ ಅವಳೇ ಬಗ್ಗಿ, ಒಣ ಹುಲ್ಲು ತುರುಕಿ, ಪಕ್ಕದ ಮನೆಯಿಂದ ತಂದ ಒಂದೇ ಕಡ್ಡಿಯಲ್ಲಿ ಹೊತ್ತಿಸಿದಳು. ನಾವು ಚಪ್ಪಾಳೆ ತಟ್ಟಿದೆವು. "ನೋಡಿದ್ಯಾ, ಆತ್ಮವಿಶ್ವಾಸ" ಎಂದರು ಲಲಿತಾಂಬ.

ಐದನೆಯ ಭಾನುವಾರ ದಿಕ್ಸೂಚಿ. ಮುಳ್ಳು ಎಲ್ಲಿ ನಿಂತರೆ ಉತ್ತರ, ದಾರಿ ತಪ್ಪಿದರೆ ಏನು ಮಾಡಬೇಕು ಎಂದು ಒಂದು ಗಂಟೆ ಪಾಠವಾಯಿತು. ಜಯಮ್ಮ ಕೇಳುವಷ್ಟು ಕೇಳಿ, "ಬೆಟ್ಟ ಅಲ್ ಕಾಣ್ತದಲ್ಲ ಮೇಡಂ, ದಾರಿ ಎಂಗ್ ತಪ್ಪುತ್ತೆ?" ಎಂದಳು. ಚಾಮುಂಡಿ ಬೆಟ್ಟ ಎದುರಿಗೇ ಇತ್ತು. ಲಲಿತಾಂಬ ಅದನ್ನು ಮೊದಲ ಸಲ ನೋಡುವವರಂತೆ ನೋಡಿ, ಹಿಮಾಲಯದಲ್ಲಿ ಹಾಗಲ್ಲ ಎಂದರು.

ಕಲಿಸಲು ಬರುವುದಿಲ್ಲ ಎನ್ನುವುದು ಅರ್ಧ ಕಾರಣವಷ್ಟೇ. ಇನ್ನರ್ಧ ಹೇಳಲು ನಾಲಿಗೆ ಏಳುವುದಿಲ್ಲ. ನಮಗಿದ್ದ ಶಿಷ್ಯೆ ಅವಳೊಬ್ಬಳೇ. ಅವಳು ಸೈಕಲ್ ಕಲಿತು ಹೊರಟುಹೋದರೆ ಭಾನುವಾರ ಬೆಳಗ್ಗೆ ನಾವು ಯಾರನ್ನು ಉದ್ಧಾರ ಮಾಡುವುದು? "ಅವಳು ಇನ್ನೂ ಸ್ವಲ್ಪ ದಿನ ಬರ್ಲಿ ಸರೋಜಾ, ಆಗಸ್ಟ್ ಹದಿನೈದಕ್ಕೆ ನಮ್ಮ ಪ್ರದರ್ಶನ ಇದೆ" ಎಂದು ಲಲಿತಾಂಬ ನನ್ನ ಕಿವಿಯಲ್ಲಿ ಹೇಳಿದರು. ನಾನು ಆಗಲಿ ಎಂದೆ.

ಆರನೆಯ ವಾರ, ಬುಧವಾರ ಸಂಜೆ, ಜಯಮ್ಮ ನಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. ಶೆಡ್ಡಿನ ಕಡೆ ನೋಡುತ್ತಾ, "ಮೇಡಂ, ಸೈಕಲ್ ಒಂದ್ ವಾರ ಕೊಡಿ. ಯಾರೂ ಕಲಿಸ್ಬೇಡಿ. ನಾನೇ ಬಿದ್ದು ಎದ್ದು ಕಲ್ತ್ಕತೀನಿ. ಒಂದ್ ಗೀರೂ ಆಗ್ದಂಗೆ ತಂದ್ಕೊಡ್ತೀನಿ" ಎಂದಳು.

ಶೆಡ್ಡಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಕೊಟ್ಟುಬಿಡಬಹುದಿತ್ತು. ಆದರೆ ಕಾರ್ಯದರ್ಶಿ ಎಂದರೆ ಸುಮ್ಮನೆಯೇ? "ಅದು ಬಳಗದ ಆಸ್ತಿ ಕಣಮ್ಮ, ಮೀಟಿಂಗಿನಲ್ಲಿ ಠರಾವಾಗ್ಬೇಕು" ಎಂದೆ. ಅವಳು, "ಅಂಗಾ ಮೇಡಂ, ಸರಿ" ಎಂದು ಹೋದಳು. ಮೀಟಿಂಗಿನಲ್ಲಿ ನಾನು ವಿಷಯ ಎತ್ತಿದಾಗ ಸರ್ವಮಂಗಳಾ ಅವರು, "ಬಿದ್ದು ಕೈ ಮುರ್ಕೊಂಡ್ರೆ ಜವಾಬ್ದಾರಿ ಯಾರು?" ಎಂದು ಕೇಳಿದರು. ಅವರ ಕಾಳಜಿ ಎಲ್ಲರಿಗೂ ಸರಿ ಎನ್ನಿಸಿತು. ವಿಷಯವನ್ನು ಮುಂದಿನ ಸಭೆಗೆ ಇಟ್ಟೆವು. ಪುಸ್ತಕದಲ್ಲಿ ನಾನೇ ದುಂಡಗೆ ಬರೆದೆ.

ಎಂಟನೆಯ ಭಾನುವಾರ ಒಬ್ಬ ಮುಖ್ಯ ಅತಿಥಿಯನ್ನು ಕರೆಸಿದೆವು. ದಪ್ಪ ಕನ್ನಡಕದ ನಿವೃತ್ತ ಹೆಡ್ಮಿಸ್ಸು. ಜಯಮ್ಮನನ್ನು ಮುಂದೆ ನಿಲ್ಲಿಸಿ ಗಂಟುಗಳ ಪ್ರದರ್ಶನ ಮಾಡಿಸಿದೆವು. ಹನ್ನೊಂದು ತರಹದ ಗಂಟುಗಳನ್ನು ಅವಳು ಚಕಚಕ ಕಟ್ಟಿ ಬಿಚ್ಚಿದಳು, ಹೊಲಿಗೆಯವಳ ಬೆರಳುಗಳು ತಾನೇ. ಅತಿಥಿಗಳು ಮೈಕಿನಲ್ಲಿ, "ಏನು ಕಲಿತೆಯಮ್ಮ ಇಲ್ಲಿ?" ಎಂದು ಕೇಳಿದರು.

"ಅನ್ನೊಂದ್ ಗಂಟು ಕಲ್ತೆ ಮೇಡಂ. ಸೈಕಲ್ ಕಲಿಯಾಕ್ ಬಂದಿದ್ದೆ" ಎಂದಳು ಜಯಮ್ಮ.

ಅತಿಥಿಗಳಿಗೆ ಕಿವಿ ಸ್ವಲ್ಪ ಮಂದ. "ಭೇಷ್" ಎಂದು ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಲಲಿತಾಂಬ ಅವಳ ಕೈಗೆ ಲ್ಯಾಮಿನೇಟ್ ಮಾಡಿಸಿದ ಪ್ರಮಾಣಪತ್ರ ಕೊಟ್ಟರು. ಫೋಟೋದವನು ಸ್ವಲ್ಪ ನಗಿ ಎಂದ. ಎಲ್ಲರೂ ನಕ್ಕೆವು, ಜಯಮ್ಮನೂ ನಕ್ಕಳು.

ಜೂನ್ ಬಂತು, ಜಯಮ್ಮ ಭಾನುವಾರಗಳಿಗೆ ಬರುವುದನ್ನು ನಿಲ್ಲಿಸಿದಳು. ಕೃತಜ್ಞತೆ ಇಲ್ಲದವಳು ಎಂದು ಬಳಗದಲ್ಲಿ ಮಾತಾಯಿತು. ಒಂಬತ್ತು ಜನ ಒಬ್ಬರಿಗೊಬ್ಬರು ಗಂಟು ಕಟ್ಟುವುದನ್ನು ಕಲಿಸುತ್ತಾ ಇನ್ನೆರಡು ಭಾನುವಾರ ಕಳೆದೆವು. ಮೂರನೆಯ ವಾರ, ನಾನು ಹೊಲಿಯಲು ಕೊಟ್ಟಿದ್ದ ಬ್ಲೌಸನ್ನು ಕೊಡಲು ಜಯಮ್ಮ ಮನೆಗೆ ಬಂದಳು. ಕಾಲಿನ ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಕೇಳಿದರೆ, "ನಡ್ದು ನಡ್ದು ಗುಳ್ಳೆ ಬಂದ್ಬುಟ್ಟಿತ್ತು, ಒಡೆದೋಯ್ತು" ಎಂದಳು. ದಿನವೂ ಬಸ್ ಇಳಿದು ಅರ್ಧ ದಾರಿ ಓಡಿ ಅರ್ಧ ದಾರಿ ನಡೆದು ಹೋಗುತ್ತಿದ್ದಳು. ಆದರೂ ಹೋಗಿ ಮುಟ್ಟುವಾಗ ಒಂಬತ್ತೂಕಾಲು. ಈ ತಿಂಗಳ ಕೊನೆಯವರೆಗೆ ನೋಡುತ್ತೇವೆ, ಆಮೇಲೆ ಬೇರೆ ಟೀಚರನ್ನು ಕರೆಸುತ್ತೇವೆ ಎಂದು ಅಲ್ಲಿಯವರು ಹೇಳಿಬಿಟ್ಟಿದ್ದರು. ಇದನ್ನೆಲ್ಲ ದೂರಿನಂತೆ ಹೇಳಲಿಲ್ಲ. ನಾನು ಕೆದಕಿ ಕೆದಕಿ ಕೇಳಿದ್ದಕ್ಕೆ ಹೇಳಿದಳು. ಶನಿವಾರ ಅರ್ಧ ದಿನ, ಒಂದೂವರೆ ಹೊತ್ತಿಗೆ ಇಲವಾಲದ ತಿರುವಿನಲ್ಲಿ ಬಸ್ಸಿಗೆ ನಿಂತಿರುತ್ತೇನೆ, ಇನ್ನೊಂದು ಬ್ಲೌಸ್ ಕೊಡುವುದಿದ್ದರೆ ಆಮೇಲೆ ಮನೆಗೆ ಬನ್ನಿ ಎಂದು ಹೇಳಿ ಹೋದಳು.

ಅವಳು ಹೋದ ಮೇಲೆ ಬ್ಲೌಸ್ ಹಾಕಿ ನೋಡಿದೆ. ಎಲ್ಲೂ ಒಂದು ನೂಲಿನಷ್ಟು ಹೆಚ್ಚುಕಡಿಮೆ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಎನ್ನಿಸಿತು.

ಶನಿವಾರ ಆಫೀಸಿಗೆ ರಜೆ ಹಾಕಿದೆ. ಬಳಗದ ಪುಸ್ತಕ ತೆಗೆದು, ಸೈಕಲ್ಲನ್ನು ಜಯಮ್ಮನಿಗೆ ಕೊಡತಕ್ಕದ್ದು ಎಂದು ಠರಾವು ಬರೆದೆ. ಸೂಚಿಸಿದವರು ಸರೋಜಾ, ಅನುಮೋದಿಸಿದವರು ಸರೋಜಾ. ಸೀಟಿನ ಪ್ಲಾಸ್ಟಿಕ್ ಕಿತ್ತು ಬಿಸಾಕಿ, ಒಂಬತ್ತು ಗಂಟೆಗೆ ಸೈಕಲ್ ತಳ್ಳಿಕೊಂಡು ಹೊರಟೆ. ಬೋಗಾದಿ, ಹಿನಕಲ್, ಆಮೇಲೆ ಹುಣಸೂರು ರಸ್ತೆ. ತಳ್ಳುವುದು ಸುಲಭ ಎಂದುಕೊಂಡಿದ್ದೆ. ಪೆಡಲ್ ಹೆಜ್ಜೆಹೆಜ್ಜೆಗೂ ಮೊಣಕಾಲಿಗೆ ಬಡಿಯುತ್ತಿತ್ತು, ಸೆರಗು ಹ್ಯಾಂಡಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಎದುರು ಸಿಕ್ಕವರೆಲ್ಲ, "ಪಂಚರಾ ಅಮ್ಮಾ?" ಎಂದು ಕೇಳುವವರೇ. ನಾನು ಹೂಂ ಹೂಂ ಎನ್ನುತ್ತಾ ನಡೆದೆ. ಒಬ್ಬ ಪುಣ್ಯಾತ್ಮ ಬಗ್ಗಿ ಎರಡು ಚಕ್ರವನ್ನೂ ಒತ್ತಿ ನೋಡಿ, "ಗಾಳಿ ಗಟ್ಟಿಯಾಗದಲ್ಲಮ್ಮ" ಎಂದ. "ವ್ಯಾಯಾಮಕ್ಕೆ ತಳ್ತಿದೀನಿ" ಎಂದೆ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಬಹುದಿತ್ತು ಎನ್ನುವುದು ನನ್ನ ಬುದ್ಧಿಗೆ ಹೊಳೆದದ್ದು ಹಿನಕಲ್ ದಾಟಿ ಬಹಳ ದೂರ ಹೋದ ಮೇಲೆ.

ಜುಲೈಯಲ್ಲಿ ಆ ಹಳ್ಳಿಗೆ ಬೇರೆ ಟೀಚರು ಬರಬೇಕಾಗಲಿಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದು ಬೇಡ. ಲಲಿತಾಂಬ ಅವರು ನನ್ನ ಮೇಲೆ ಶಿಸ್ತುಕ್ರಮಕ್ಕೆ ಸಭೆ ಕರೆದರು, ಅದಕ್ಕೆ ಯಾರೂ ಬರಲಿಲ್ಲ, ಬಳಗ ಅಲ್ಲಿಗೆ ಮುಗಿಯಿತು. ಆ ಸೀಟಿ ಮಾತ್ರ ನನ್ನ ಹತ್ತಿರ ಉಳಿಯಿತು.

ಇಲವಾಲದ ತಿರುವು ಮುಟ್ಟಿದಾಗ ಒಂದೂವರೆಗೆ ಐದು ನಿಮಿಷವಿತ್ತು. ಜಯಮ್ಮ ಮರದ ನೆರಳಿನಲ್ಲಿ ಚೀಲ ಹಿಡಿದು ನಿಂತಿದ್ದಳು. ನನ್ನ ಕೆದರಿದ ಕೂದಲು, ಮಣ್ಣಾದ ಸೀರೆ ನೋಡಿ ಓಡಿ ಬಂದು, "ಪಂಚರಾಯ್ತಾ ಮೇಡಂ?" ಎಂದಳು.

"ಇಲ್ಲಮ್ಮ. ನಂಗೆ ಸೈಕಲ್ ಬರಲ್ಲ. ಯಾವತ್ತೂ ಬರ್ತಿರಲಿಲ್ಲ."

"ಗೊತ್ತು ಮೇಡಂ" ಎಂದಳು ಅವಳು. "ನಿಮ್ಮೊಂಬತ್ ಜನುಕ್ಕೂ ಬರಲ್ಲ ಅಂತ ಎರಡ್ನೇ ಭಾನ್ವಾರನೇ ಗೊತ್ತಾಯ್ತು."

"ಮತ್ತೆ ಎಂಟು ಭಾನುವಾರವೂ ಅಷ್ಟು ದೂರದಿಂದ ಯಾಕಮ್ಮ ನಡ್ಕೊಂಡು ಬಂದೆ?"

"ಸೈಕಲ್ ಇತ್ತಲ್ಲ ಮೇಡಂ."

ಹ್ಯಾಂಡಲ್ಲನ್ನು ಅವಳ ಕೈಗೆ ಕೊಟ್ಟೆ. ಅವಳ ಬಸ್ಸು ಬಂದು ನಿಂತು ಹೊರಟುಹೋಯಿತು, ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿ, ಸೈಕಲ್ಲನ್ನು ಒಳಗಿನ ಮಣ್ಣು ರಸ್ತೆಗೆ ತಿರುಗಿಸಿದಳು. ನಾನು ಅಭ್ಯಾಸಬಲದಿಂದ ಹಿಂದೆ ಹೋಗಿ, "ಹಿಡ್ಕೊಳ್ಳಲಾ?" ಎಂದು ಕೇಳಿದೆ.

"ಬ್ಯಾಡ ಮೇಡಂ. ನೀವು ಆ ಮೋರಿ ಕಟ್ಟೆ ಮೇಲೆ ಕೂತಿರಿ" ಎಂದಳು. "ನಾನ್ ಬಿದ್ರೂ ಏಳ್ಬ್ಯಾಡಿ."

ಕೂತೆ. ಅವಳು ನಾಲ್ಕು ಸಲ ಬಿದ್ದಳು. ನಾನು ಏಳಲಿಲ್ಲ.